ಮಿಸ್ ಐಸಿಯ ಎದೆಗಿಡ

ಜಮೈಕಾದ ಕಾಟನ್‌ಟ್ರೀ ಗುಡ್ಡದಲ್ಲಿ ಬೆಳಗ್ಗೆ ಎದ್ದವರು ಮೊದಲು ಬಿಸಿಬಿಸಿಯಾಗಿ ಏನನ್ನಾದರೂ ಕುಡಿಯಬೇಕು. ಇಲ್ಲದಿದ್ದರೆ ಖಾಲಿ ಹೊಟ್ಟೆಗೆ ಗಾಳಿ ಸೇರುತ್ತದೆ, ಹೊಟ್ಟೆಯ ಗಾಳಿ ಬೆನ್ನಿಗೆ ಹತ್ತುತ್ತದೆ, ಬೆನ್ನಿನದು ತಲೆಗೆ ಹತ್ತಿದರೆ ಮನುಷ್ಯನ ಕತೆ ಮುಗಿಯಿತು. ಇದು ಮಿಸ್ ಐಸಿಲ್ಡಾಳ ಸಿದ್ಧಾಂತ. ಊರವರ ಬಾಯಲ್ಲಿ ಮಿಸ್ ಐಸಿಯಾದ ಈ ಮುದುಕಿಗೆ ಎದುರಾಡುವ ಗಂಡಸಾಗಲಿ ಹೆಂಗಸಾಗಲಿ ಆ ಗುಡ್ಡದಲ್ಲಿ ಹುಟ್ಟಿಲ್ಲ. ಪುದೀನ, ಶುಂಠಿ, ನಿಂಬೆಹುಲ್ಲು, ಕೋಕೋ, ಬಿಸಿನೀರಿಗೆ ಬಿದ್ದದ್ದೆಲ್ಲ ಅವಳಿಗೆ ಟೀಯೇ. ಎದೆ ಕಟ್ಟಿದವರಿಗೆ ಮಾತ್ರ ಬೇರೆ ಟೀ. ಅದರ ಸೊಪ್ಪು ಬರುತ್ತಿದ್ದುದು ಅಡುಗೆಮನೆಯ ಹಿಂದೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ ಆಳೆತ್ತರ ಬೆಳೆದು ನಿಂತ ಗಿಡದಿಂದ. ಒಂದು ಒಣಗಿದರೆ ಅದರ ಬೀಜ ಬಿದ್ದು ಅಲ್ಲೇ ಇನ್ನೊಂದು ಏಳುತ್ತಿತ್ತು. ಮಿಸ್ ಐಸಿ ಅದಕ್ಕೆ ಎದೆಗಿಡ ಎಂದು ಹೆಸರಿಟ್ಟಿದ್ದಳು.

ಕಣ್ಣಿದ್ದವರಿಗೆಲ್ಲ ಅದು ಏನೆಂದು ಗೊತ್ತಿತ್ತು. ಕಣ್ಣಿಲ್ಲದವರಿಗೆ ವಾಸನೆಯಿಂದ ಗೊತ್ತಿತ್ತು. ಆದರೆ ಅದನ್ನು ಗಾಂಜಾ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಿಸಿನೀರಿಗೆ ಹಾಕಿದರೆ ಟೀ, ಬಿಳಿ ರಮ್ಮಿನ ಬಾಟಲಿಗೆ ಹಾಕಿ ನೆನೆಸಿದರೆ ಮಂಡಿಗೆ ತಿಕ್ಕುವ ಮದ್ದು. ಕಾಗದದಲ್ಲಿ ಸುತ್ತಿ ಬೆಂಕಿ ಹಚ್ಚಿದರೆ ಮಾತ್ರ ಗಾಂಜಾ. ದೇವರನ್ನು ನಂಬಿದ ಹೆಂಗಸರೆಲ್ಲ ತಲೆತಲಾಂತರದಿಂದ ಒಪ್ಪಿಕೊಂಡು ಬಂದ ಕಾನೂನು ಇದು. ಮಿಸ್ ಐಸಿ ಈ ಕಾನೂನಿನ ದೊಡ್ಡ ಜಡ್ಜು. ಗುಡ್ಡದ ಚರ್ಚಿನ ಸಭೆಯಲ್ಲಿ ಮುಂದಿನ ಬೆಂಚು ಅವಳದು. ಪಾಸ್ಟರ್ ಫಿಂಡ್ಲೆ ಪ್ರಸಂಗ ಉದ್ದ ಎಳೆದರೆ ಅವಳು ಒಮ್ಮೆ ಕೆಮ್ಮಿದರೂ ಸಾಕು, ಅವರು ಆಮೆನ್ ಅಂದು ಕೂತುಬಿಡುತ್ತಿದ್ದರು.

"ಮನುಷ್ಯ ಹೊಗೆ ಬಿಡ್ಲಿ ಅಂತ ದೇವರಿಗೆ ಮನಸ್ಸಿದ್ದಿದ್ರೆ ತಲೆ ಮೇಲೆ ಚಿಮಣಿ ಇಡ್ತಿದ್ದ" ಎಂದು ಅವಳು ಸೇದುವವರನ್ನು ಕಂಡಾಗಲೆಲ್ಲ ಹೇಳುತ್ತಿದ್ದಳು. ಈಚೆಗೆ ಅದನ್ನು ದಿನಕ್ಕೆ ನಾಲ್ಕಾರು ಬಾರಿ ಹೇಳುವಂತಾಗಿತ್ತು. ಯಾಕೆಂದರೆ ಅವಳ ಮಗಳು ಡೆಲ್ರೋಸಳ ಅತಿಥಿಗಳೆಲ್ಲ ಸೇದುವವರೇ.

ಡೆಲ್ರೋಸ್ ಇಪ್ಪತ್ತು ವರ್ಷ ಕಾಲ ಕೆಳಗಿನ ನೆಗ್ರಿಲ್ ಕಡಲತೀರದ ದೊಡ್ಡ ಹೋಟೆಲಿನಲ್ಲಿ ಕೋಣೆ ಗುಡಿಸಿದವಳು. ಇನ್ನೊಬ್ಬರ ಹಾಸಿಗೆಗೆ ಬಿಳಿ ಹೊದಿಕೆ ಎಳೆದೆಳೆದು ಅವಳ ಸೊಂಟ ಹಿಡಿದಿತ್ತು, ಮ್ಯಾನೇಜರುಗಳ ಮುಂದೆ ನಕ್ಕು ನಕ್ಕು ದವಡೆ ಹಿಡಿದಿತ್ತು. ಗಂಡ ತೀರಿಕೊಂಡು, ಮಗಳು ಮದುವೆಯಾಗಿ ಮಾಂಟೆಗೊ ಬೇಗೆ ಹೋದ ಮೇಲೆ ಅವಳು ಕೆಲಸ ಬಿಟ್ಟು ಗುಡ್ಡಕ್ಕೆ ಬಂದು, ಅಮ್ಮನ ಮನೆಗೆ ಆರು ಕೋಣೆ ಸೇರಿಸಿ, ಒಂದೊಂದಕ್ಕೂ ಒಂದೊಂದು ಬಣ್ಣ ಬಳಿದು ಅತಿಥಿಗೃಹ ತೆರೆದಳು. ಸಮುದ್ರವಿಲ್ಲದ ಗುಡ್ಡಕ್ಕೆ ಯಾರು ಬರುತ್ತಾರೆ ಎಂದು ಎಲ್ಲರೂ ಮೂಗು ಮುರಿದರು. ಬಂದರು. ಗುಡ್ಡದ ಬುಡದಲ್ಲಿ ಲಿನ್ವಲ್‌ನ ಗಾಂಜಾ ಹೊಲವಿತ್ತಲ್ಲ, ಅದನ್ನು ನೋಡಲು ಬಂದರು. ಸರ್ಕಾರ ಕಾನೂನು ಸಡಿಲಿಸಿದಾಗ ಆ ಕಡೆಯಲ್ಲಿ ಮೊದಲು ಪರವಾನಗಿ ಪಡೆದ ಬೆಳೆಗಾರರಲ್ಲಿ ಅವನೊಬ್ಬ. ಜಡೆಯನ್ನು ಉಣ್ಣೆಯ ಟೋಪಿಯೊಳಗೆ ತುರುಕಿಕೊಂಡು, ಬಿಳಿಯರನ್ನು ಗಿಡಗಳ ನಡುವೆ ನಡೆಸಿಕೊಂಡು ಹೋಗಿ, ಮಣ್ಣು ಮುಟ್ಟಿಸಿ, ನಗಿಸಿ, ಸಂಜೆಗೆ ಡೆಲ್ರೋಸಳ ಮನೆಗೆ ಕಳಿಸುತ್ತಿದ್ದ.

ಕಳಿಸುತ್ತಿದ್ದ, ಬರುತ್ತಿರಲಿಲ್ಲ. ಸೀಲು ಹಾಕಿದ, ಚೀಟಿ ಅಂಟಿಸಿದ ಪೊಟ್ಟಣಗಳನ್ನು ಪ್ರತಿ ಗುರುವಾರ ಗೇಟಿನ ಮೇಲಿಂದ ಡೆಲ್ರೋಸಳ ಕೈಗೆ ಕೊಡುತ್ತಿದ್ದ. ಅವನಿಗೆ ಇಪ್ಪತ್ತೆರಡು, ಅವಳಿಗೆ ಹತ್ತೊಂಬತ್ತು ಇದ್ದಾಗ ಮಿಸ್ ಐಸಿ ಅವನ ಅಂಗಿಯ ವಾಸನೆ ಹಿಡಿದು, ಪೊರಕೆ ತಗೊಂಡು, "ಗಾಂಜಾದವನೇ, ನಾನು ಬದುಕಿರೋ ತನಕ ಈ ಗೇಟು ದಾಟ್ಬೇಡ" ಎಂದು ಓಡಿಸಿದ್ದಳು. ಅವನು ಆ ಮಾತನ್ನು ಅಕ್ಷರಶಃ ಪಾಲಿಸಿದ. ಹಟವೋ ಮರ್ಯಾದೆಯೋ, ಡೆಲ್ರೋಸಳಿಗೆ ಇವತ್ತಿಗೂ ಬಗೆಹರಿದಿಲ್ಲ. ಅವನು ಗೇಟಿಗೆ ಬಂದ ದಿನ ಮಿಸ್ ಐಸಿ ಜಗುಲಿಯ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂರುತ್ತಿದ್ದಳು.

ಎಲ್ಲ ಹೀಗೇ ಸರಿಯಾಗಿ ನಡೆದಿತ್ತು. ಅಷ್ಟರಲ್ಲಿ ಹೊಸ ನಿಯಮ ಬಂತು. ಅತಿಥಿಗಳು ಸೇದುವಂಥ ಪ್ರತಿ ತಂಗುಮನೆಗೂ ಇನ್ನು ಮುಂದೆ ತನ್ನದೇ ಪರವಾನಗಿ ಇರಬೇಕು, ಇಲ್ಲದಿದ್ದರೆ ಪ್ರವಾಸದ ಕಂಪನಿಗಳು ಅಲ್ಲಿಗೆ ಜನ ಕಳಿಸುವಂತಿಲ್ಲ. ಕಡಲತೀರದ ಹೋಟೆಲುಗಳು ವಕೀಲರನ್ನಿಟ್ಟು ವಾರದೊಳಗೆ ಗಿಟ್ಟಿಸಿಕೊಂಡವು. ಡೆಲ್ರೋಸ್ ತಾನೇ ನಿಂತು ಬೇಲಿ ಹಾಕಿಸಿದಳು, ಬೀಗದ ಕಪಾಟು ತಂದಳು, ಹದಿನೆಂಟು ತುಂಬದವರಿಗೆ ಪ್ರವೇಶವಿಲ್ಲ ಎಂಬ ಫಲಕ ಬರೆಸಿದಳು. ಊಟ ಬಡಿಸುವಲ್ಲಿ ಸೇದಬಾರದು, ಸೇದುವಲ್ಲಿ ಊಟ ಬಡಿಸಬಾರದು ಎಂದಿದ್ದರಿಂದ ದೂರದ ದೀವಿಹಲಸಿನ ಮರದ ಕೆಳಗೆ ಸೇದುವವರಿಗಾಗಿ ಹುಲ್ಲಿನ ಮಾಡು ಕಟ್ಟಿಸಿದಳು.

"ಈ ನಿಯಮ ಬರೆದೋನು ಜನ್ಮದಲ್ಲಿ ಸೇದಿಲ್ಲ ರಾಣಿ" ಎಂದು ಲಿನ್ವಲ್ ಗೇಟಿನಾಚೆಯಿಂದ ನಕ್ಕಿದ್ದ. ಅವನು ಹೆಂಗಸರನ್ನೆಲ್ಲ ರಾಣಿ ಎನ್ನುತ್ತಿದ್ದ, ಅದು ಜಡೆ ಬಿಟ್ಟು, ಗಾಂಜಾವನ್ನು ಪವಿತ್ರವೆನ್ನುವ ಅವನ ಪಂಥದವರ ರೂಢಿ. "ಸೇದಿದೋನಿಗೆ ಮೊದಲು ಬೇಕಾಗೋದೇ ಊಟ."

ಈ ಪರವಾನಗಿ ಸಿಕ್ಕದಿದ್ದರೆ ಆರು ಕೋಣೆಗೂ ಬೀಗ. ಡೆಲ್ರೋಸ್ ಮತ್ತೆ ಬೆಟ್ಟ ಇಳಿದು ಅದೇ ಹೋಟೆಲಿನ ಹಿಂಬಾಗಿಲಲ್ಲಿ ನಿಂತು ಕೆಲಸ ಕೊಡಿ ಅನ್ನಬೇಕು. ಅದನ್ನು ನೆನೆದರೆ ಅವಳ ಸೊಂಟ ಈಗಲೇ ನೋಯುತ್ತಿತ್ತು.

ಆದರೆ ಹಾಳಾದದ್ದು ಬೇಲಿಯಿಂದಲ್ಲ, ಮಾಡಿನಿಂದಲೂ ಅಲ್ಲ. ಬ್ರೆಂಟ್ ಎಂಬ ಕೆನಡಾದ ಹಲ್ಲಿನ ಡಾಕ್ಟರನ ಹೊಗಳಿಕೆಯಿಂದ. ಅವನು ಒಂದು ವಾರ ಸೇದುವುದಕ್ಕೆಂದೇ ಬಂದವನು, ಬಂದ ದಿನವೇ ನೆಗಡಿ ಹಿಡಿದು ಕೆಮ್ಮುತ್ತ ಮಲಗಿದ. ಮಿಸ್ ಐಸಿ ಬೆಳಗ್ಗೆ ಅವನ ಬಾಗಿಲು ಬಡಿದು, ಎದೆಗಿಡದ ಟೀ ಕೊಟ್ಟು, ಪೂರ್ತಿ ಕುಡಿಯುವ ತನಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಬ್ರೆಂಟ್ ಅವತ್ತು ಮಧ್ಯಾಹ್ನದ ತನಕ ದಾಸವಾಳದ ಮುಂದೆ ಕುರ್ಚಿ ಹಾಕಿಕೊಂಡು, ಹೂವಿಗೆ ಬಂದು ಹೋಗುವ ಉದ್ದಬಾಲದ ಪುಟ್ಟ ಹಕ್ಕಿಯನ್ನು ನೋಡುತ್ತ ಕೂತ. ಆಮೇಲೆ ಮಾತುಬಿಟ್ಟ ತಮ್ಮನಿಗೆ ಫೋನ್ ಮಾಡಿ ಅತ್ತ. ಊರಿಗೆ ಹೋದ ಮೇಲೆ ಲೋಕಕ್ಕೆಲ್ಲ ಕಾಣುವಂತೆ ಇಂಟರ್ನೆಟ್ಟಿನಲ್ಲಿ ಐದು ನಕ್ಷತ್ರ ಕೊಟ್ಟು ಬರೆದ: ಇಡೀ ಜಮೈಕಾದಲ್ಲಿ ಅತ್ಯುತ್ತಮ ಗಾಂಜಾ ಸಿಗುವುದು ಹೊಲದಲ್ಲಲ್ಲ, ಹೊಗೆಯಲ್ಲೂ ಅಲ್ಲ, ಮಿಸ್ ಐಸಿ ಎಂಬ ಅಜ್ಜಿಯ ಬೆಳಗಿನ ಟೀಯಲ್ಲಿ.

ಡೆಲ್ರೋಸ್ ಇದನ್ನು ಅಮ್ಮನಿಗೆ ಓದಿ ಹೇಳುವಾಗ ಒಂದು ಪದ ನುಂಗಿದಳು. ಮುದುಕಿ ಹಿಗ್ಗಿ ಹೀರೇಕಾಯಿಯಾದಳು. "ಭಾನುವಾರ ಸಭೆಯಲ್ಲಿ ಓದು" ಎಂದಳು. ಡೆಲ್ರೋಸ್ ಗಂಟಲು ಕಟ್ಟಿದೆ ಎಂದು ತಪ್ಪಿಸಿಕೊಂಡಳು. ಆದರೆ ಪರವಾನಗಿ ಕೊಡುವ ಕಿಂಗ್‌ಸ್ಟನ್ನಿನ ಕಚೇರಿಯವರು ಯಾವ ಪದವನ್ನೂ ನುಂಗದೆ ಓದಿದ್ದರು.

ಪರಿಶೀಲನೆಗೆ ಬಂದವನ ಹೆಸರು ಪಿನಕ್. ತೆಳ್ಳಗಿನ ಮನುಷ್ಯ, ಇಸ್ತ್ರಿ ಕೆಡದ ಅಂಗಿ, ಮೂಗು ಮಾತ್ರ ನೆಗಡಿಯಿಂದ ಕೆಂಪಾಗಿತ್ತು. ಬೇಲಿ ಅಲ್ಲಾಡಿಸಿದ, ಬೀಗ ಎಳೆದ, ಫಲಕ ಓದಿದ. ಹುಲ್ಲಿನ ಮಾಡಿನ ಕೆಳಗೆ ನಿಂತು ತಲೆಯೆತ್ತಿದ.

"ಈ ಹಣ್ಣು ಅತಿಥಿ ತಲೆ ಮೇಲೆ ಬಿದ್ರೆ?"

"ಅದು ಗಾಂಜಾ ನಿಯಮದಲ್ಲಿ ಬರುತ್ತಾ ಸಾರ್?" ಎಂದು ಡೆಲ್ರೋಸ್ ಕೇಳಿದಳು.

"ಇಲ್ಲ."

"ಹಾಗಾದ್ರೆ ಬೀಳ್ಲಿ ಬಿಡಿ. ಬಿದ್ರೆ ಹುರಿದು ಬಡಿಸ್ತೀವಿ."

ಪಿನಕ್ ನಕ್ಕ. ಡೆಲ್ರೋಸಳಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಅವನು ಮೂಗು ಒರೆಸಿಕೊಂಡು, ಯಾರೂ ಕರೆಯದಿದ್ದರೂ ಅಡುಗೆಮನೆಯ ಹಿಂದಕ್ಕೆ ನಡೆದ. ಮಿಸ್ ಐಸಿ ಅಲ್ಲಿ ಟ್ಯಾಂಕಿನ ಕಟ್ಟೆಯ ಮೇಲೆ ಕೂತಿದ್ದಳು.

"ಇದೇನು?"

"ಎದೆಗಿಡ."

"ಅಮ್ಮಾ, ಇದು ಗಾಂಜಾ."

"ನೋಡಪ್ಪಾ, ನನ್ನ ಅಂಗಳದಲ್ಲಿ ಗಾಂಜಾ ಇದ್ದಿದ್ರೆ ನೀನು ಬರೋ ತನಕ ನಾನು ಕಾಯ್ತಿರ್ಲಿಲ್ಲ. ನಾನೇ ಕಿತ್ತು ಹಂದಿಗೆ ಹಾಕ್ತಿದ್ದೆ."

ಪಿನಕ್ ಒಂದು ಎಲೆಯನ್ನು ಬೆರಳಲ್ಲಿ ಹೊಸಕಿ ಮೂಗಿಗೆ ಹಿಡಿದ. ಅಷ್ಟು ಕಟ್ಟಿದ ಮೂಗಿಗೂ ವಾಸನೆ ಹತ್ತಿತು. ಅವನ ಮುಖ ಒಂದು ಗಳಿಗೆ ಹುಡುಗನದಾಯಿತು.

"ನಮ್ಮಜ್ಜಿ ಇದನ್ನ ರಮ್ಮಲ್ಲಿ ನೆನೆಹಾಕಿ ನನ್ನ ಎದೆಗೆ ತಿಕ್ತಿದ್ರು" ಎಂದ.

ಡೆಲ್ರೋಸ್ ಬಿಟ್ಟಾಳೆಯೆ? "ಅವರು ಇದನ್ನ ಏನಂತ ಕರೀತಿದ್ರು ಸಾರ್?"

"ತಿಕ್ಕೋ ಮದ್ದು ಅಂತ."

"ಹಾಗಾದ್ರೆ ನೀವೂ ಹಾಗೇ ಬರ್ಕೊಳ್ಳಿ."

"ಅದಕ್ಕೆ ಕಾಲಂ ಇಲ್ಲಮ್ಮ."

ಕಾಲಂ ಇಲ್ಲದ ಮೇಲೆ ಅಜ್ಜಿಯೇನು, ಅಜ್ಜಿಯ ಅಜ್ಜಿ ಬಂದರೂ ಪ್ರಯೋಜನವಿಲ್ಲ. ಪಿನಕ್ ಬಿಡಿಸಿ ಹೇಳಿದ. ಮನೆಯವರು ಮನೆಯ ಬಳಕೆಗೆ ನಾಲ್ಕಾರು ಗಿಡ ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಇದು ಈಗ ವ್ಯಾಪಾರದ ಜಾಗ. ಅದಕ್ಕೇ ಭೂಮಿ ಯಾರ ಹೆಸರಿನಲ್ಲಿದೆಯೋ ಅವರು, ಇದು ಗಾಂಜಾ, ಇದು ನನ್ನ ಮನೆಯವರಿಗೆ ಮಾತ್ರ, ಅತಿಥಿಗಳಿಗೆ ಕೊಡುವುದಿಲ್ಲ ಎಂದು ಅವನೆದುರಿಗೆ ಬಾಯಿಬಿಟ್ಟು ಹೇಳಿ ಸಹಿ ಹಾಕಬೇಕು. ಅದಾಗದಿದ್ದರೆ ಗಿಡ ಕೀಳಬೇಕು. ಎರಡೂ ಇಲ್ಲವೆಂದರೆ ಡೆಲ್ರೋಸಳ ಅರ್ಜಿ ವಜಾ. ಭೂಮಿ ಮಿಸ್ ಐಸಿಯ ಹೆಸರಿನಲ್ಲಿತ್ತು.

"ಗುರುವಾರ ಮತ್ತೆ ಬರ್ತೀನಿ" ಎಂದು ಅವನು ಜೀಪು ಹತ್ತಿದ. "ಯೋಚನೆ ಮಾಡಿ."

ಮಿಸ್ ಐಸಿ ಯೋಚಿಸಲಿಲ್ಲ. "ಸುಳ್ಳಿಗೆ ಸಹಿ ಹಾಕಲ್ಲ" ಎಂದು ಎದ್ದು ಕೋಳಿಗೆ ಕಾಳು ಹಾಕಲು ಹೋದಳು. ಡೆಲ್ರೋಸ್ ಹಿಂದೆಯೇ ಹೋಗಿ ಬೇಡಿದಳು, ಬೈದಳು, ತಾನು ಮತ್ತೆ ಹೋಟೆಲಿಗೆ ಹೋಗಿ ಕಕ್ಕಸು ತೊಳೆಯಬೇಕಾದೀತು ಎಂದು ಕಣ್ಣೀರು ಹಾಕಿದಳು. ಜಪ್ಪಯ್ಯ ಅಂದರೂ ಮುದುಕಿ ಜಗ್ಗಲಿಲ್ಲ. ಗಿಡ ಕೀಳುತ್ತೇನೆ ಎಂದರೆ "ಕೀಳು, ನನ್ನನ್ನೂ ಅದರ ಜೊತೆ ಕೀಳು" ಎಂದಳು.

ಸಭೆಯವರು ಆಡಿಕೊಳ್ಳುತ್ತಾರೆಂಬ ಭಯವಿರಬೇಕು ಎಂದುಕೊಂಡು ಡೆಲ್ರೋಸ್ ಪಾಸ್ಟರ್ ಫಿಂಡ್ಲೆಯನ್ನು ಕರೆಸಿದಳು. ದಪ್ಪ ಮನುಷ್ಯ, ಮೆಟ್ಟಿಲು ಹತ್ತಿ ಬಂದವರೇ ಏದುಸಿರು ಬಿಡುತ್ತ ಜಗುಲಿಯಲ್ಲಿ ಕೂತು ಮಂಡಿ ನೀವಿಕೊಂಡರು.

"ಪಾಸ್ಟರ್, ಅದು ಗಾಂಜಾ ಅಂತ ಒಪ್ಕೊಂಡ್ರೆ ಸಭೆ ಏನೂ ಅನ್ನಲ್ಲ ಅಂತ ನೀವೇ ಅಮ್ಮನಿಗೆ ಒಂದು ಮಾತು ಹೇಳಿ" ಎಂದಳು ಡೆಲ್ರೋಸ್.

"ಯಾವುದಮ್ಮ ಗಾಂಜಾ?"

"ಹಿಂದಿರೋ ಗಿಡ."

"ನಾನು ಆ ಕಡೆ ತಿರುಗಿ ನೋಡಿಲ್ಲಮ್ಮ."

"ತಿಂಗಳು ತಿಂಗಳೂ ಮಂಡಿಗೆ ಅಂತ ಬಾಟ್ಲು ತಗೊಂಡು ಹೋಗ್ತೀರಲ್ಲ ಪಾಸ್ಟರ್!"

"ಬಾಟ್ಲು ನೋಡಿದ್ದೀನಿ. ಒಳಗೆ ಏನಿದೆ ಅಂತ ನೋಡಿಲ್ಲ" ಎಂದರು ಫಿಂಡ್ಲೆ, ಪ್ರಸಂಗದ ಧಾಟಿಯಲ್ಲೇ. "ನಂಬಿಕೆ ಅಂದ್ರೆ ಅದೇ ಅಲ್ವಾ ಡೆಲ್ರೋಸ್, ನೋಡದೇನೇ ಒಪ್ಕೊಳ್ಳೋದು?"

ನಂಬಿಕೆಯ ಬಗ್ಗೆ ಇನ್ನೂ ನಾಲ್ಕು ಮಾತಾಡಿ, ಕರಿದ ಮೀನು ತಿಂದು, ಎದ್ದು ಹೋಗುವಾಗ ಕೋಟಿನ ಜೇಬಿನೊಳಗೆ ಹೊಸ ಬಾಟಲಿ ಇಳಿಸಿಕೊಂಡು ಹೋದರು. ಡೆಲ್ರೋಸಳಿಗೆ ಆ ಬಾಟಲಿಯಿಂದಲೇ ಅವರ ತಲೆಗೆ ಒಂದು ಕೊಡಬೇಕು ಅನ್ನಿಸಿತು.

ಮಂಗಳವಾರ ಅಮ್ಮ ಪ್ರಾರ್ಥನಾಕೂಟಕ್ಕೆ ಹೋಗಿದ್ದಾಗ ಡೆಲ್ರೋಸ್ ಕತ್ತಿ ಹಿಡಿದು ಗಿಡದ ಮುಂದೆ ನಿಂತಳು. ಒಂದೇ ಏಟು ಸಾಕಿತ್ತು. ಆದರೆ ಕೈ ಎತ್ತಿದವಳಿಗೆ ಮಗಳು ಚಿಕ್ಕವಳಿದ್ದಾಗ ಉಬ್ಬಸ ಬಂದು ಮೀನಿನಂತೆ ಬಾಯಿ ತೆರೆದು ಒದ್ದಾಡಿದ್ದು ನೆನಪಾಯಿತು. ಆಸ್ಪತ್ರೆ ದೂರ, ಬಸ್ಸಿಲ್ಲ. ಅಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚ ಚಮಚವಾಗಿ ಕುಡಿಸಿ, ಎದೆಗೆ ತಿಕ್ಕಿ, ಮಗು ಉಸಿರು ಬಿಡುವ ತನಕ ಕೀರ್ತನೆ ಹಾಡುತ್ತ ಕೂತಿದ್ದಳು. ಡೆಲ್ರೋಸ್ ಕತ್ತಿಯನ್ನು ಅದರ ಜಾಗದಲ್ಲಿ ಇಟ್ಟು ಬಂದಳು. ತನ್ನ ಮೇಲೆಯೇ ಕೋಪ ಬಂತು.

ಬುಧವಾರ ಲಿನ್ವಲ್‌ಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವನು ತಕ್ಷಣ, "ಗಿಡಾನ ಬೇರು ಸಮೇತ ಎತ್ಕೊಂಡು ಬಂದು ನನ್ನ ಹೊಲದಲ್ಲಿ ಇಟ್ಕೋತೀನಿ. ನಿಮ್ಮಮ್ಮನಿಗೆ ಬೇಕಾದಾಗೆಲ್ಲ ಸೊಪ್ಪು ಕಳಿಸ್ತೀನಿ" ಎಂದ.

"ನಿನ್ನ ಹೊಲದಿಂದ ಬಂದ್ರೆ ಅದು ಗಾಂಜಾ ಆಗ್ಬಿಡುತ್ತೆ ಮಾರಾಯಾ. ಅಮ್ಮ ಮುಟ್ಟಲ್ಲ."

ಲಿನ್ವಲ್ ದೊಡ್ಡದಾಗಿ ನಕ್ಕ. ಆಮೇಲೆ ನಗು ನಿಂತು, "ಮಿಸ್ ಐಸೀನ ಜಾಸ್ತಿ ಗೋಳು ಹುಯ್ಕೋಬೇಡ ರಾಣಿ" ಎಂದ. ಡೆಲ್ರೋಸಳಿಗೆ ಮೈಯೆಲ್ಲ ಉರಿಯಿತು. ಓಡಿಸಿಕೊಂಡವನೇ ಓಡಿಸಿದವಳ ಪರ ವಕಾಲತ್ತು ಮಾಡಿದರೆ ಯಾರಿಗೆ ತಾನೇ ಉರಿಯುವುದಿಲ್ಲ?

ಅವತ್ತು ಸಂಜೆ ತಾಯಿ ಮಗಳು ಜಗುಲಿಯಲ್ಲಿ ಹಸಿ ತೊಗರಿಕಾಯಿ ಸುಲಿಯುತ್ತ ಕೂತರು. ಡೆಲ್ರೋಸ್ ಕೊನೆಯ ಸಲ ಬಾಯಿ ತೆರೆದಳು.

"ಅಮ್ಮಾ, ಸಭೆಗೆ ಹೆದರ್ಬೇಡ. ಅಲ್ಲಿರೋರೆಲ್ಲ ನಿನ್ನ ಬಾಟ್ಲಲ್ಲೇ ಮಂಡಿ ತಿಕ್ಕಿಕೊಂಡೋರು."

"ಸಭೆಗೆ ನಾನ್ಯಾಕೆ ಹೆದರ್ಲಿ? ಸಭೆನೇ ನಂಗೆ ಹೆದರುತ್ತೆ."

"ಮತ್ತಿನ್ನೇನು? ಅದು ಗಾಂಜಾ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಒಂದು ಮಾತು ಹೇಳೋಕೆ ನಾಲಿಗೆ ಏನು ಸವೆದುಹೋಗುತ್ತಾ?"

ಮಿಸ್ ಐಸಿ ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದಳು. ಇನ್ನೊಂದನ್ನು ತೆಗೆದುಕೊಂಡಳು, ಸುಲಿಯಲಿಲ್ಲ.

"ಹೇಳ್ಬಿಡ್ತೀನಿ ಅಂತಿಟ್ಕೋ" ಎಂದಳು. ಸ್ವರ ಎಂದಿನ ಗತ್ತಿನಲ್ಲಿರಲಿಲ್ಲ. "ಇದೂ ಗಾಂಜಾ, ಅದೂ ಗಾಂಜಾ ಅಂತ ನನ್ನ ಬಾಯಿಂದಲೇ ಬಂದ್ರೆ, ಆ ಹುಡುಗನ್ನ ನಾನು ಯಾತಕ್ಕೆ ಓಡಿಸ್ದೆ ಡೆಲ್ರೋಸ್?"

ಡೆಲ್ರೋಸ್ ಬೆಪ್ಪಾದಳು. ಮೂವತ್ತು ವರ್ಷ ಈ ಮನೆಯಲ್ಲಿ ಅವನ ಹೆಸರೆತ್ತಿದವರಿರಲಿಲ್ಲ. ಗೋಡೆಗೆ ಮುಖಮಾಡಿ ಕೂರುವ ಅಮ್ಮನನ್ನು ಅವಳು ಸೊಕ್ಕಿನ ಮುದುಕಿ ಎಂದುಕೊಂಡಿದ್ದಳು. ಅದು ಸೊಕ್ಕಲ್ಲ, ನಾಚಿಕೆ ಎಂದು ಈಗ ತಿಳಿದು ಅವಳಿಗೆ ಅಯ್ಯೋ ಅನ್ನಿಸಿತು. ಅದರ ಬೆನ್ನಿಗೇ ಸಿಟ್ಟು ಉಕ್ಕಿತು. ನಾಚಿಕೆಯಿದ್ದರೆ ಇಷ್ಟು ವರ್ಷದಲ್ಲಿ ಒಂದು ದಿನ ಹೇಳಬಾರದಿತ್ತೆ?

"ಅದನ್ನ ನನ್ನ ಕೇಳ್ಬೇಡ" ಎಂದು ತೊಗರಿಯ ಮೊರ ಅಲ್ಲೇ ಬಿಟ್ಟು ಎದ್ದುಹೋದಳು. ಹೋಗಿ ಹಳೆಯ ಹೋಟೆಲಿನ ಮೇಲ್ವಿಚಾರಕಿಗೆ ಫೋನ್ ಮಾಡಿ, ಕೆಲಸ ಖಾಲಿಯಿದೆಯೇ ಎಂದು ವಿಚಾರಿಸಿದಳು. ಸೋಮವಾರ ಬಾ ಎಂದಳು ಆಕೆ.

ಗುರುವಾರ ಬೆಳಗ್ಗೆ ಪಿನಕ್ ಬಂದಾಗ ಅವನ ನೆಗಡಿ ಎದೆಗೆ ಇಳಿದಿತ್ತು. ಲಿನ್ವಲ್ ಗೇಟಿನಾಚೆ ಪೊಟ್ಟಣಗಳ ಪೆಟ್ಟಿಗೆ ಹಿಡಿದು ನಿಂತಿದ್ದ. ಡೆಲ್ರೋಸ್ ಇಬ್ಬರನ್ನೂ ನೋಡಿ, ಇದಿಷ್ಟು ಮುಗಿದರೆ ಸಾಕಪ್ಪಾ ಎಂದುಕೊಂಡು ಅಂಗಳಕ್ಕಿಳಿದಳು. ಅಮ್ಮನಿಗೆ ಹುಷಾರಿಲ್ಲ, ಅರ್ಜಿ ವಾಪಸ್ ತಗೊಳ್ಳುತ್ತೇನೆ ಎಂದು ಹೇಳುವುದೆಂದು ತೀರ್ಮಾನಿಸಿಕೊಂಡಿದ್ದಳು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಬಾಗಿಲು ಕಿರುಗುಟ್ಟಿತು.

ಮಿಸ್ ಐಸಿ ಹೊರಗೆ ಬಂದಳು. ವಾರದ ನಡುವೆ ಭಾನುವಾರದ ಬಿಳಿ ಉಡುಪು, ತಲೆಗೆ ಅಗಲ ಟೋಪಿ, ಕೈಗೆ ಕೈಗವಸು. ಪಿನಕ್ ನಮಸ್ಕಾರ ಎಂದ. ಅವಳು ಅವನನ್ನು ದಾಟಿ, ಮಗಳನ್ನು ದಾಟಿ, ಸೀದಾ ಗೇಟಿಗೆ ಹೋಗಿ ಚಿಲಕ ತೆಗೆದಳು.

"ಒಳಗೆ ಬಾ."

ಲಿನ್ವಲ್ ತೆರೆದ ಗೇಟನ್ನೂ ತನ್ನ ಕಾಲನ್ನೂ ನೋಡಿಕೊಂಡ. "ನೀವಿನ್ನೂ ಬದುಕಿದ್ದೀರಲ್ಲ ಮಿಸ್ ಐಸಿ" ಎಂದ.

"ಗೊತ್ತು. ಅಧಿಕಪ್ರಸಂಗ ಮಾಡ್ದೆ ಬಾ."

ಅವನು ಪೆಟ್ಟಿಗೆ ಎದೆಗವಚಿಕೊಂಡು ಬಂದ. ನಡಿಗೆ ಮಾತ್ರ ಇಪ್ಪತ್ತೆರಡರ ಹುಡುಗನದೇ, ಈಗ ಪೊರಕೆ ಬಿತ್ತೋ ಆಗ ಬಿತ್ತೋ ಎಂಬಂತೆ. ಎಲ್ಲರೂ ಅವಳ ಹಿಂದೆ ಅಡುಗೆಮನೆಯ ಹಿತ್ತಿಲಿಗೆ ಹೋದರು. ಮಿಸ್ ಐಸಿ ಗಿಡದ ಪಕ್ಕ ನಿಂತು, ಸಭೆಯಲ್ಲಿ ಸಾಕ್ಷಿ ಹೇಳುವವಳಂತೆ ಗಂಟಲು ಸರಿಮಾಡಿಕೊಂಡಳು.

"ಬರ್ಕೊಳಪ್ಪ. ಇದು ಗಾಂಜಾ. ಇವನ ಹೊಲದಲ್ಲಿರೋದೂ ಇದೇ. ಎರಡಕ್ಕೂ ಏನೂ ವ್ಯತ್ಯಾಸ ಇಲ್ಲ."

ಲಿನ್ವಲ್ ತಲೆ ತಗ್ಗಿಸಿದ. ಪಿನಕ್ ಬರೆದುಕೊಂಡ.

"ಅತಿಥಿಗಳಿಗೆ ಕೊಡಲ್ಲ ತಾನೆ?"

"ಕೊಡಲ್ಲ. ಅವ್ರು ಕೆಮ್ಮಿದ್ರೆ ಕೆಮ್ಮಲಿ."

"ಮನೇಲಿ ಯಾರ್ಯಾರು ಬಳಸಿದ್ದಾರೆ? ಅದನ್ನೂ ಹೇಳ್ಬೇಕು."

"ನಾನು, ಮಂಡಿಗೆ. ಮೊಮ್ಮಗಳು, ಉಬ್ಬಸಕ್ಕೆ." ಮುದುಕಿ ಅಲ್ಲಿಗೆ ನಿಲ್ಲಿಸಿದಳು. ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದುಕೊಂಡಳು. "ಇವಳು. ಒಂದೇ ಸಲ."

"ನಾನಾ?" ಎಂದಳು ಡೆಲ್ರೋಸ್. "ನನಗೆ ಯಾವತ್ತು ಉಬ್ಬಸ ಇತ್ತಮ್ಮ?"

"ಇವನನ್ನ ಓಡಿಸಿದ ರಾತ್ರಿ." ಮಿಸ್ ಐಸಿ ಮಗಳನ್ನು ನೋಡಲಿಲ್ಲ, ಗಿಡವನ್ನು ನೋಡಿಕೊಂಡೇ ಹೇಳಿದಳು. "ನೀನು ಅಳು ನಿಲ್ಲಿಸ್ಲೇ ಇಲ್ಲ. ದಿಂಬು ಕಚ್ಕೊಂಡು ಅಳ್ತಿದ್ದೆ. ನನಗೆ ನೋಡೋಕಾಗ್ಲಿಲ್ಲ. ಬಂದು ಎಲೆ ಕಿತ್ತು, ಕುದಿಸಿ, ಗೊತ್ತಾಗ್ದೆ ಇರ್ಲಿ ಅಂತ ಜಾಸ್ತಿ ಸಕ್ಕರೆ ಹಾಕಿ ಕುಡಿಸ್ದೆ. ಮಲಗಿದೆ. ಗಾಂಜಾದವನು ಅಂತ ಅವನನ್ನ ಓಡಿಸಿ, ಅದೇ ರಾತ್ರಿ ನಿನಗೆ ಗಾಂಜಾನೇ ಕುಡಿಸಿದ್ದೀನಿ ಮಗಳೇ. ಇದು ದೇವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು."

ಡೆಲ್ರೋಸ್ ಗಿಡದ ಕಡೆ ತಿರುಗಿದಳು. ಆ ಟೀ ಅವಳಿಗೆ ನೆನಪಿತ್ತು. ಅದಕ್ಕಿಂತ ಚೆನ್ನಾಗಿ ಮಾರನೆಯ ಬೆಳಗು ನೆನಪಿತ್ತು. ಹೊತ್ತೇರಿದ ಮೇಲೆ ಎದ್ದು, ಇಷ್ಟು ಸುಖವಾಗಿ ನಿದ್ದೆ ಮಾಡಿದೆನಲ್ಲ ಎಂದು ತನ್ನ ಬಗ್ಗೆ ತಾನೇ ಅಸಹ್ಯಪಟ್ಟುಕೊಂಡಿದ್ದಳು. ಲಿನ್ವಲ್ ಕೆಳಗೆ ರಸ್ತೆಯಲ್ಲಿ ಕಾಯುತ್ತಿದ್ದಾನೆಂದು ಯಾರೋ ಬಂದು ಹೇಳಿದರೂ ಹೋಗಿರಲಿಲ್ಲ. ಅವನು ಹೋದ ರಾತ್ರಿಯೇ ಕೊರಡಿನಂತೆ ಮಲಗಿದವಳಿಗೆ ಅದೆಂಥ ಪ್ರೀತಿ, ಹುಡುಗಾಟ ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡು, ಆ ಮಾತನ್ನು ನಂಬಿ, ಹೋಟೆಲಿಗೆ ಸೇರಿ, ಮದುವೆಯಾಗಿ, ಬದುಕಿದ್ದಳು. ಮೂವತ್ತು ವರ್ಷ ತಾನು ಕಲ್ಲುಹೃದಯದವಳೆಂದು ತಿಳಿದುಕೊಂಡಿದ್ದಳು. ನೋಡಿದರೆ ಅದು ಟೀ!

ಅವಳಿಗೆ ಮೊದಲು ಬಂದದ್ದು ನಗು. ಹೊಟ್ಟೆ ಹಿಡಿದುಕೊಂಡು ಟ್ಯಾಂಕಿನ ಕಟ್ಟೆಯ ಮೇಲೆ ಕುಸಿದು ನಕ್ಕಳು. ನಗುತ್ತ ನಗುತ್ತ ಯಾವಾಗ ಅಳು ಶುರುವಾಯಿತೋ ಅವಳಿಗೆ ತಿಳಿಯಲಿಲ್ಲ. ಅಮ್ಮನ ಮೇಲೆ ಸಿಟ್ಟೂ ಇತ್ತು, ಆ ಸಿಟ್ಟು ಇನ್ನೂ ಬಹಳ ದಿನ ಇರುತ್ತದೆಂದೂ ಗೊತ್ತಿತ್ತು. ಆದರೂ ಏನೋ ಹಗುರವಾಗಿತ್ತು. ಮಿಸ್ ಐಸಿ ಕೈಗವಸಿನ ಕೈಯನ್ನು ಮಗಳ ತಲೆಯ ಮೇಲಿಟ್ಟಳು. ಪಿನಕ್ ಬೇಲಿಯ ತಂತಿಯನ್ನು ಎರಡನೆಯ ಸಲ ಪರಿಶೀಲಿಸತೊಡಗಿದ.

ಲಿನ್ವಲ್ ಪೆಟ್ಟಿಗೆಯನ್ನು ಕೆಳಗಿಟ್ಟ. "ಮಿಸ್ ಐಸಿ" ಎಂದ, ಮೆಲ್ಲಗೆ. "ಆವತ್ತು ನನಗೂ ಒಂದು ಲೋಟ ಕಳಿಸ್ಬೇಕಾಗಿತ್ತು. ಜೇಬು ತುಂಬ ಗಾಂಜಾ ಇದ್ರೂ ನನಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ."

ಮಿಸ್ ಐಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕೈಗವಸು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಗಿಡದ ತುದಿ ಬಗ್ಗಿಸಿ ಒಳ್ಳೆಯ ಎಲೆಗಳನ್ನೇ ಆರಿಸಿ ಕಿತ್ತಳು.

"ಕೂತ್ಕೋ, ನೀರು ಕಾಯಿಸ್ತೀನಿ."

ಪಿನಕ್ ಬೇಲಿಯ ಹತ್ತಿರದಿಂದಲೇ ಕೆಮ್ಮಿದ. "ಅಮ್ಮಾ, ಈಗ ತಾನೆ ಬರ್ಕೊಂಡೆ. ಅತಿಥಿಗಳಿಗೆ ಕೊಡೋ ಹಾಗಿಲ್ಲ."

"ಅವನ್ಯಾಕೆ ಅತಿಥಿ ಆಗ್ತಾನೆ?" ಎಂದಳು ಮಿಸ್ ಐಸಿ ಅಡುಗೆಮನೆಯ ಬಾಗಿಲಲ್ಲಿ ನಿಂತು. "ಮನೆಯವನು ಅಂತ ಬರ್ಕೋ."